ಒಂದು ಸೀರೆಯ ಲೆಕ್ಕ, ಒಂದು ವೆಬ್‌ಸೈಟಿನ ಲೆಕ್ಕ

ಸಣ್ಣ ಉಡುಪು ಬ್ರ್ಯಾಂಡಿಗೆ ವೆಬ್‌ಸೈಟ್ ಮಾಡಿಸಲು ಎಷ್ಟು ಖರ್ಚಾಗುತ್ತದೆ ಎಂದು ಕೇಳಿದರೆ ಹತ್ತು ಕಡೆ ಹತ್ತು ಉತ್ತರ ಸಿಗುತ್ತದೆ. ಈಗಷ್ಟೇ ಓದು ಮುಗಿಸಿದ ಹುಡುಗ ಹದಿನೈದು ಸಾವಿರಕ್ಕೆ ಒಪ್ಪಿಕೊಳ್ಳುತ್ತಾನೆ. ಮಹಾನಗರದ ಏಜೆನ್ಸಿ ಮೂರು ಲಕ್ಷದ ಕೊಟೇಶನ್ ಕಳಿಸುತ್ತದೆ. ಎರಡೂ ಸುಳ್ಳಲ್ಲ, ಆದರೆ ಎರಡರಿಂದಲೂ ಬಜೆಟ್ ಹುಟ್ಟುವುದಿಲ್ಲ. ಸೈಟ್ ಕಟ್ಟಲು ಎಷ್ಟು ಬೇಕು ಎನ್ನುವುದಕ್ಕಿಂತ ಮೊದಲು, ಮಾರುವ ಒಂದೊಂದು ಉಡುಪು ಎಷ್ಟರ ಹೊರೆ ಹೊರಬಲ್ಲದು ಎಂಬುದನ್ನು ಲೆಕ್ಕ ಹಾಕಬೇಕು. ಈ ಲೆಕ್ಕ ಒಂದು ಹಾಳೆಯಲ್ಲಿ ಮುಗಿಯುತ್ತದೆ. ಹಾಗಿದ್ದರೂ ಇದನ್ನು ಬಿಟ್ಟೇ ಬಹುತೇಕರು ಬಣ್ಣ, ಲೋಗೊ, ಮುಖಪುಟದ ಚಿತ್ರಗಳ ಚರ್ಚೆಗೆ ಇಳಿಯುತ್ತಾರೆ.

ಬಾಗಲಕೋಟೆ ಜಿಲ್ಲೆಯ ಇಳಕಲ್ ಸೀರೆಯನ್ನು ನೇಕಾರರಿಂದ ನೇರವಾಗಿ ಕೊಂಡು, ತನ್ನದೇ ಹೆಸರಿನಲ್ಲಿ ಮಾರುವ ಒಂದು ಸಣ್ಣ ಬ್ರ್ಯಾಂಡನ್ನು ಕಲ್ಪಿಸಿಕೊಳ್ಳಬಹುದು. ಸೀರೆಯ ಮಾರಾಟ ಬೆಲೆ ತೆರಿಗೆ ಸೇರಿ 3,000 ರೂಪಾಯಿ ಎಂದಿಟ್ಟುಕೊಂಡರೆ, ಶೇ 5ರ ಜಿಎಸ್‌ಟಿಯಾಗಿ 143 ರೂಪಾಯಿ ಹೋಗುತ್ತದೆ. ನೂಲು, ನೇಯ್ಗೆ, ಬಣ್ಣ ಎಲ್ಲ ಸೇರಿ ಸೀರೆಯ ಅಸಲು 1,900. ಗ್ರಾಹಕ ಕಾರ್ಡಿನಲ್ಲಿ ಹಣ ಕೊಟ್ಟರೆ ಪೇಮೆಂಟ್ ಗೇಟ್‌ವೇ ಸಾಮಾನ್ಯವಾಗಿ ಶೇ 2 ಹಿಡಿಯುತ್ತದೆ, ಆ ಶುಲ್ಕದ ಮೇಲೆ ಮತ್ತೆ ಶೇ 18ರ ತೆರಿಗೆ. ಅಲ್ಲಿಗೆ 71 ರೂಪಾಯಿ. ಪ್ಯಾಕಿಂಗ್‌ಗೆ 60, ಕೊರಿಯರಿಗೆ 120. ಉಳಿಯುವುದು 706. ಹತ್ತು ಸೀರೆ ಕಳಿಸಿದರೆ ಒಂದು ಮರಳಿ ಬರುತ್ತದೆ ಎಂದು ಹಿಡಿದರೆ, ಆ ಒಂದರ ಹೋಗಿಬರುವ ಖರ್ಚನ್ನು ಉಳಿದ ಒಂಬತ್ತು ಹೊರಬೇಕು. ತಲೆಗೆ 33 ರೂಪಾಯಿ. ಒಬ್ಬ ಗ್ರಾಹಕರನ್ನು ಸೈಟಿಗೆ ಕರೆತಂದು ಕೊಳ್ಳುವಂತೆ ಮಾಡಲು ಜಾಹೀರಾತಿಗೆ 250 ಸುರಿದರೆ, ಕೊನೆಗೆ ಕೈಯಲ್ಲಿ ನಿಲ್ಲುವುದು 420ರ ಆಸುಪಾಸು. ಇವೆಲ್ಲ ಮಾದರಿ ಅಂಕಿಗಳು. ಪ್ರತಿ ಬ್ರ್ಯಾಂಡಿನ ಅಸಲು, ಲಾಭದಂಶ ಬೇರೆಬೇರೆ. ಲೆಕ್ಕದ ದಾರಿ ಮಾತ್ರ ಒಂದೇ.

ಮೊದಲ ವರ್ಷ ಸೈಟಿನಿಂದ 300 ಸೀರೆ ಮಾರುವ ನಿರೀಕ್ಷೆ ಇದ್ದರೆ ಒಟ್ಟು ಕೈಗೆ ಬರುವುದು ಸುಮಾರು 1.25 ಲಕ್ಷ. ಲಾಭವೇ ಬೇಡವೆಂದು ಒಪ್ಪಿಕೊಂಡರೂ ವೆಬ್‌ಸೈಟಿನ ಮೊದಲ ವರ್ಷದ ಖರ್ಚು ಈ ಮೊತ್ತದೊಳಗೇ ಇರಬೇಕು. ಮೂರು ಲಕ್ಷದ ಕೊಟೇಶನ್ನಿಗೆ ತಲೆದೂಗಿದರೆ, ಅದನ್ನು ತೀರಿಸಲಿಕ್ಕೇ 700ಕ್ಕೂ ಹೆಚ್ಚು ಸೀರೆ ಮಾರಬೇಕಾಗುತ್ತದೆ. ಅಷ್ಟು ಸೀರೆ ನೇಯ್ದು ಕೊಡುವ ಮಗ್ಗಗಳು ಇವೆಯೇ ಎಂಬುದು ಆಗ ಎದುರಾಗುವ ಮೊದಲ ಪ್ರಶ್ನೆ. ಕೈಮಗ್ಗದ ಸೀರೆಯನ್ನು ಬೇಡಿಕೆ ಬಂದ ಕೂಡಲೇ ಹೆಚ್ಚು ನೇಯ್ದು ಕೊಡಲು ಆಗುವುದಿಲ್ಲವಾದ್ದರಿಂದ ಈ ಮಾತು ಇಲ್ಲಿ ಇನ್ನಷ್ಟು ಬಿಗಿಯಾಗಿ ಅನ್ವಯಿಸುತ್ತದೆ.

1.25 ಲಕ್ಷವನ್ನು ಹಂಚುವುದು ಹೇಗೆ? ಡೊಮೇನ್ ಹೆಸರು ಮತ್ತು ವೇದಿಕೆಯ ವಾರ್ಷಿಕ ಬಾಡಿಗೆಗೆ 25 ಸಾವಿರ, ಸಿದ್ಧ ವಿನ್ಯಾಸವೊಂದನ್ನು ತಿದ್ದಿ ಅಂಗಡಿಯನ್ನು ನಿಲ್ಲಿಸಿಕೊಡುವವರಿಗೆ 35 ಸಾವಿರ, ಫೋಟೊಗಳಿಗೆ 36 ಸಾವಿರ, ಬರವಣಿಗೆ ಮತ್ತು ಮಾಹಿತಿ ತುಂಬುವ ಕೆಲಸಕ್ಕೆ 10 ಸಾವಿರ, ಲೆಕ್ಕಪರಿಶೋಧಕರ ಸಲಹೆಗೆ 5 ಸಾವಿರ, ಎಣಿಸದ ಖರ್ಚಿಗೆಂದು ಮೀಸಲು 14 ಸಾವಿರ. ಇಲ್ಲಿ ಸೈಟ್ ಕಟ್ಟುವ ಕೂಲಿ ಒಟ್ಟು ಮೊತ್ತದ ಮೂರನೇ ಒಂದು ಭಾಗಕ್ಕಿಂತಲೂ ಕಡಿಮೆ ಇರುವುದನ್ನು ಗಮನಿಸಬೇಕು. ಫೋಟೊಗೆ ಅದಕ್ಕಿಂತ ಹೆಚ್ಚು ಇಟ್ಟಿರುವುದು ಕೈತಪ್ಪಿನಿಂದಲ್ಲ.

ಉಡುಪಿನ ವ್ಯಾಪಾರದಲ್ಲಿ ಸರಕು ಎರಡು ಜಾತಿಯದು. ಕುರ್ತಿ, ಅಂಗಿ, ಲಂಗಗಳಂಥ ಹೊಲಿದ ಉಡುಪಿನಲ್ಲಿ ಒಂದು ವಿನ್ಯಾಸಕ್ಕೆ ಐದು ಅಳತೆ, ಪ್ರತಿ ಅಳತೆಯಲ್ಲಿ ಇಪ್ಪತ್ತು ಮೂವತ್ತು ನಗ. ಹನ್ನೆರಡು ವಿನ್ಯಾಸಕ್ಕೆ ತಲಾ ಆರು ಫೋಟೊ ತೆಗೆದರೆ 72 ಚಿತ್ರ. ಅವು ಸಾವಿರಾರು ನಗಗಳನ್ನು ಮಾರಿಕೊಡುತ್ತವೆ. ಕೈಮಗ್ಗದ ಸೀರೆ ಹಾಗಲ್ಲ. ಒಂದೇ ಬಣ್ಣ, ಒಂದೇ ದಡಿಯ ಎರಡು ಸೀರೆಗಳೂ ಪೂರ್ತಿ ಒಂದೇ ಆಗಿರುವುದಿಲ್ಲ, ಎಷ್ಟೋ ವಿನ್ಯಾಸಗಳಲ್ಲಿ ಇರುವುದೇ ಒಂದು ನಗ. ಅದು ಮಾರಾಟವಾದ ಕ್ಷಣ ಅದರ ಐದು ಫೋಟೊಗಳೂ ಕೆಲಸ ಮುಗಿಸಿದಂತೆ. ಹೊರಗಿನ ಸ್ಟುಡಿಯೊದಲ್ಲಿ ಒಂದು ಚಿತ್ರಕ್ಕೆ ನೂರು ರೂಪಾಯಿಯಂತೆ ತೆಗೆಸಿದರೆ ಸೀರೆಗೆ 500. ಮೇಲಿನ ಲೆಕ್ಕದಲ್ಲಿ ಉಳಿದಿದ್ದ 420 ಅಲ್ಲಿಗೇ ಕರಗಿತು!

ಹೀಗಾಗಿ ಸೀರೆ ಬ್ರ್ಯಾಂಡು ಫೋಟೊವನ್ನು ಹೊರಗಿನಿಂದ ತರಿಸಿಕೊಳ್ಳುವ ಬದಲು ತನ್ನಲ್ಲೇ ಕಲಿಯಬೇಕಾಗುತ್ತದೆ. ಉತ್ತರದ ಕಿಟಕಿಯ ಬೆಳಕು ಬೀಳುವ ಒಂದು ಗೋಡೆ, ತಿಳಿ ಬೂದು ಹಿನ್ನೆಲೆ, ಅಲುಗದ ಸ್ಟ್ಯಾಂಡು, ಒಳ್ಳೆಯ ಫೋನು ಇಷ್ಟಿದ್ದರೆ ಸೀರೆಗೆ 80 ರೂಪಾಯಿಯೊಳಗೆ ಕೆಲಸ ಮುಗಿಯುತ್ತದೆ. 300 ಸೀರೆಗೆ 24 ಸಾವಿರ. ಉಳಿದ 12 ಸಾವಿರದಲ್ಲಿ ಒಂದು ದಿನ ರೂಪದರ್ಶಿಯನ್ನು ಕರೆಸಿ ಮುಖಪುಟಕ್ಕೂ ಜಾಹೀರಾತಿಗೂ ಬೇಕಾದ ಚಿತ್ರಗಳನ್ನು ತೆಗೆಸಬಹುದು. ಅವು ಯಾವ ಒಂದು ಸೀರೆಗೂ ಸೇರದೆ ವರ್ಷವಿಡೀ ದುಡಿಯುತ್ತವೆ.

ಬಣ್ಣದ ವಿಷಯದಲ್ಲಿ ಮಾತ್ರ ಜಿಪುಣತನ ಸಲ್ಲದು. ಇಳಕಲ್ಲಿನ ದಾಳಿಂಬೆ ಕೆಂಪು, ನವಿಲು ಹಸಿರು, ಗಿರಿ ಕುಂಕುಮದಂಥ ಬಣ್ಣಗಳು ಫೋನಿನ ಕ್ಯಾಮೆರಾಕ್ಕೆ ಸುಲಭವಾಗಿ ಸಿಗುವಂಥವಲ್ಲ. ಕೆಂಪು ಗುಲಾಬಿಗೆ ಜಾರುತ್ತದೆ, ಹಸಿರು ನೀಲಿಗೆ ಜಾರುತ್ತದೆ. ತೆರೆಯ ಮೇಲೆ ಕಂಡದ್ದೊಂದು, ಪೊಟ್ಟಣ ಬಿಚ್ಚಿದಾಗ ಸಿಕ್ಕಿದ್ದೊಂದು ಆದರೆ ಸೀರೆ ಮರಳಿ ಬರುತ್ತದೆ. ಚಿತ್ರ ತೆಗೆಯುವಾಗ ಪಕ್ಕದಲ್ಲಿ ಬೂದು ಬಣ್ಣದ ಕಾರ್ಡಿಟ್ಟು ಬಿಳಿಯ ಸಮತೋಲನ ಸರಿಪಡಿಸಿಕೊಳ್ಳುವುದು ಕೆಲವು ನೂರು ರೂಪಾಯಿಯ ಉಪಾಯ. ತಪ್ಪಿಸುವ ನಷ್ಟ ಅದಕ್ಕಿಂತ ಎಷ್ಟೋ ಪಾಲು ದೊಡ್ಡದು.

ಬರವಣಿಗೆಯದೂ ಇದೇ ಕತೆ. ಒಡಲು ಹತ್ತಿಯೋ ರೇಷ್ಮೆಯೋ, ದಡಿ ಗಾಯತ್ರಿಯೋ ಗೋಮಿಯೋ ಚಿಕ್ಕಿ ಪರಾಸೋ, ಸೆರಗು ಟೋಪ ತೆನಿಯದೇ, ಒಡಲಿನ ಹಾಸಿಗೂ ಸೆರಗಿನ ಹಾಸಿಗೂ ಕೊಂಡಿ ಹಾಕಿ ಜೋಡಿಸಿದ್ದೇ, ಉದ್ದ ಎಷ್ಟು, ರವಿಕೆ ಕಣ ಸೇರಿದೆಯೇ, ಮೊದಲ ಒಗೆತಕ್ಕೆ ಬಣ್ಣ ಬಿಡುತ್ತದೆಯೇ ಎಂಬ ಮಾಹಿತಿಯನ್ನು ಡೆವಲಪರ್ ಬರೆಯಲಾರ. ಇವನ್ನೆಲ್ಲ ಒಂದು ಸ್ಪ್ರೆಡ್‌ಶೀಟಿನಲ್ಲಿ ತುಂಬಿಟ್ಟುಕೊಂಡ ಮೇಲೆಯೇ ಸೈಟ್ ಕಟ್ಟುವವರನ್ನು ಹುಡುಕುವುದು ಜಾಣತನ. ಸಣ್ಣ ವೆಬ್‌ಸೈಟುಗಳ ಕೆಲಸ ತಿಂಗಳುಗಟ್ಟಲೆ ಎಳೆಯುವುದಕ್ಕೆ ಡೆವಲಪರ್‌ಗಿಂತ ಹೆಚ್ಚಾಗಿ ಮಾಲೀಕರು ಕೊಡದೆ ಉಳಿಸಿಕೊಂಡ ಫೋಟೊ ಮತ್ತು ವಿವರಗಳೇ ಕಾರಣ. ಹೊಲಿದ ಉಡುಪಾದರೆ ಅಳತೆಯ ಪಟ್ಟಿ ಇನ್ನೂ ಮುಖ್ಯ. ಎಸ್, ಎಂ, ಎಲ್ ಎಂಬ ಅಕ್ಷರಗಳು ಒಂದೊಂದು ಬ್ರ್ಯಾಂಡಿನಲ್ಲಿ ಒಂದೊಂದು ಅರ್ಥ ಕೊಡುವುದರಿಂದ, ಎದೆ, ಸೊಂಟ, ಉದ್ದಗಳನ್ನು ಇಂಚಿನಲ್ಲಿ ಕೊಡಲೇಬೇಕು.

ವೇದಿಕೆಯ ಆಯ್ಕೆಗೆ ಎರಡು ದೊಡ್ಡ ದಾರಿಗಳಿವೆ. ಶಾಪಿಫೈನಂಥ ಬಾಡಿಗೆ ವೇದಿಕೆಯಲ್ಲಿ ತಿಂಗಳ ಶುಲ್ಕ ಕಟ್ಟಿದರೆ ಸರ್ವರ್, ಭದ್ರತೆ, ನವೀಕರಣಗಳ ತಲೆನೋವು ಅವರದು. ವರ್ಡ್‌ಪ್ರೆಸ್ ಮೇಲೆ ಓಡುವ ವೂಕಾಮರ್ಸ್ ಉಚಿತ ತಂತ್ರಾಂಶ. ಆದರೆ ಹೋಸ್ಟಿಂಗ್, ಬ್ಯಾಕಪ್, ಪ್ಲಗಿನ್‌ಗಳ ನವೀಕರಣ ಎಲ್ಲ ಮಾಲೀಕರ ಹೆಗಲಿಗೆ ಬೀಳುತ್ತವೆ. ಉಚಿತ ಎಂಬ ಪದ ಇಲ್ಲಿ ತಂತ್ರಾಂಶಕ್ಕೆ ಮಾತ್ರ ಅನ್ವಯ. ಬಾಡಿಗೆ ವೇದಿಕೆಯಲ್ಲೂ ಸಣ್ಣ ಅಕ್ಷರದಲ್ಲಿ ಬರೆದದ್ದನ್ನು ಓದಬೇಕು: ಕೆಲವು ವೇದಿಕೆಗಳು ಹೊರಗಿನ ಗೇಟ್‌ವೇ ಬಳಸಿದರೆ ಪ್ರತಿ ಮಾರಾಟದ ಮೇಲೆ ಶೇ 2ರವರೆಗೆ ಪ್ರತ್ಯೇಕ ಶುಲ್ಕ ಹಿಡಿಯುತ್ತವೆ. 3,000 ರೂಪಾಯಿಯ 300 ಸೀರೆಗೆ ಅದು 18 ಸಾವಿರ. ಒಬ್ಬಿಬ್ಬರೇ ನಡೆಸುವ ಬ್ರ್ಯಾಂಡಿಗೆ ಬಾಡಿಗೆಯ ದಾರಿಯೇ ಒಳ್ಳೆಯದು. ಮನೆಯಲ್ಲೇ ತಾಂತ್ರಿಕ ಜ್ಞಾನ ಇದ್ದವರಿಗೆ ಮಾತ್ರ ವೂಕಾಮರ್ಸ್ ಅಗ್ಗವಾಗುತ್ತದೆ. ಮೊದಲ ಅಕ್ಷರದಿಂದ ಹೊಸದಾಗಿ ಕೋಡ್ ಬರೆಸುವ ಅಗತ್ಯ ಸಣ್ಣ ಉಡುಪು ಬ್ರ್ಯಾಂಡಿಗೆ ಹೆಚ್ಚುಕಡಿಮೆ ಎಂದೂ ಬರುವುದಿಲ್ಲ.

ಬಂದಿದೆ ಎಂದು ನಂಬಿದವರ ಕತೆಯೊಂದು ಲಂಡನ್ನಿನಲ್ಲಿ ನಡೆಯಿತು. ಸ್ವೀಡನ್ನಿನ ಅರ್ನ್‌ಸ್ಟ್ ಮಾಲ್ಮ್‌ಸ್ಟೆನ್, ಕಾಯ್ಸಾ ಲಿಯಾಂಡರ್ ಮತ್ತು ಪ್ಯಾಟ್ರಿಕ್ ಹೆಡೆಲಿನ್ ಕಟ್ಟಿದ ಬೂ ಡಾಟ್ ಕಾಮ್ ಎಂಬ ಫ್ಯಾಷನ್ ತಾಣ 1999ರ ನವೆಂಬರಿನಲ್ಲಿ ತೆರೆಯಿತು. ಅದಕ್ಕೆ ಮುನ್ನ ಆರಂಭದ ದಿನ ತಿಂಗಳುಗಟ್ಟಲೆ ಮುಂದಕ್ಕೆ ಹೋಗಿತ್ತು. ಉಡುಪನ್ನು ತಿರುಗಿಸಿ ನೋಡುವ ಸೌಲಭ್ಯ, ಮಿಸ್ ಬೂ ಎಂಬ ಮಾತಾಡುವ ಸಹಾಯಕಿ, ಒಂದೇ ಬಾರಿಗೆ ಹಲವು ದೇಶ, ಹಲವು ಭಾಷೆ, ಹಲವು ಕರೆನ್ಸಿ ಎಲ್ಲವೂ ಮೊದಲ ದಿನದಿಂದಲೇ ಬೇಕಾಗಿದ್ದವು. ಅಂದಿನ ಬಹುಪಾಲು ಮನೆಗಳಲ್ಲಿದ್ದ ಡಯಲ್‌ಅಪ್ ಮೋಡೆಮ್‌ನಲ್ಲಿ ಆ ಪುಟಗಳು ತೆರೆಯುವಷ್ಟರಲ್ಲಿ ಗ್ರಾಹಕರ ತಾಳ್ಮೆ ತೀರುತ್ತಿತ್ತು. ಸುಮಾರು 13.5 ಕೋಟಿ ಡಾಲರ್ ಕರಗಿಸಿ 2000ದ ಮೇ ತಿಂಗಳಲ್ಲಿ ಅದು ಬಾಗಿಲು ಹಾಕಿತು. ಮರು ತಿಂಗಳೇ, ಅದೇ ಊರಿನಲ್ಲಿ, ತಾರೆಯರು ತೆರೆಯ ಮೇಲೆ ತೊಟ್ಟಂಥ ಉಡುಪುಗಳನ್ನು ಮಾರುವ ಸಣ್ಣ ತಾಣವೊಂದು ಶುರುವಾಯಿತು. ಅದು ಮುಂದೆ ಏಸಾಸ್ ಎಂಬ ದೊಡ್ಡ ಕಂಪನಿಯಾಯಿತು. ಸಣ್ಣದಾಗಿ ತೆರೆದದ್ದೇ ಅದರ ಗೆಲುವಿಗೆ ಪೂರ್ತಿ ಕಾರಣ ಎನ್ನಲಾಗದು. ಬೂ ಮಾತ್ರ ಸೋತದ್ದು ಉಡುಪಿಗೆ ಬೇಡಿಕೆ ಇಲ್ಲದೆ ಅಲ್ಲ.

ಇಂದಿನ ಸಣ್ಣ ಬ್ರ್ಯಾಂಡಿಗೆ ಮೊದಲ ದಿನ ಬೇಕಾದದ್ದು ಕಡಿಮೆ: ಸರಕಿನ ಪುಟಗಳು, ಹುಡುಕಾಟ, ಹಣ ಪಾವತಿ, ಸಾಗಣೆಯ ಮಾಹಿತಿ, ಮರಳಿಸುವ ನಿಯಮ, ವಾಟ್ಸ್‌ಆ್ಯಪ್ ಸಂಪರ್ಕ. ಸದಸ್ಯತ್ವದ ಅಂಕಗಳು, ಉಡುಗೊರೆ ಕಾರ್ಡು, ಮೊಬೈಲ್ ಆ್ಯಪ್ ಕಾಯಬಲ್ಲವು. ಕನ್ನಡದ ಪುಟಗಳು ಕಾಯುವ ಪಟ್ಟಿಯಲ್ಲಿ ಇರಬೇಕಿಲ್ಲ. ಹುಬ್ಬಳ್ಳಿ, ದಾವಣಗೆರೆ, ಕಲಬುರಗಿಯ ಗ್ರಾಹಕರಿಗೆ ಸೀರೆಯ ವಿವರ ಕನ್ನಡದಲ್ಲೇ ಸಿಕ್ಕರೆ ಫೋನ್ ಮಾಡಿ ಕೇಳುವ ಪ್ರಶ್ನೆಗಳು ಕಡಿಮೆಯಾಗುತ್ತವೆ. ವೇಗದ ಬಗ್ಗೆ ಗೂಗಲ್ ಇಟ್ಟಿರುವ ಅಳತೆ ಎಂದರೆ ಪುಟದ ಮುಖ್ಯ ಚಿತ್ರ 2.5 ಸೆಕೆಂಡಿನೊಳಗೆ ಮೂಡಬೇಕು. ಫೋನಿನಿಂದ ನೇರವಾಗಿ ಏರಿಸಿದ ನಾಲ್ಕೈದು ಎಂಬಿಯ ಚಿತ್ರಗಳು ಈ ಗಡುವನ್ನು ಮೀರುತ್ತವೆ. ಅವನ್ನು ವೆಬ್‌ಪಿ ರೂಪಕ್ಕೆ ಕುಗ್ಗಿಸುವ ಕೆಲಸವನ್ನು ಒಪ್ಪಂದದಲ್ಲೇ ಬರೆಸಿಕೊಳ್ಳಬೇಕು.

ವೇಳಾಪಟ್ಟಿಯನ್ನು ಹಬ್ಬದಿಂದ ಹಿಂದಕ್ಕೆ ಎಣಿಸಬೇಕು. ಸೀರೆಯ ಕೊಳ್ಳುವಿಕೆ ವರಮಹಾಲಕ್ಷ್ಮಿ ಹಬ್ಬದಿಂದ ಏರತೊಡಗಿ ಗೌರಿ-ಗಣೇಶ, ದಸರಾ, ದೀಪಾವಳಿಯವರೆಗೆ ಸಾಗುತ್ತದೆ. ಹಬ್ಬಕ್ಕೆ ಆರು ವಾರ ಮುಂಚೆ ಸೈಟ್ ತೆರೆದಿದ್ದರೆ ಪರಿಚಿತರ ಮೂಲಕ ಪ್ರಯೋಗ ಆರ್ಡರ್‌ಗಳನ್ನು ಹಾಕಿಸಿ ತಪ್ಪು ಹುಡುಕಲು ಸಮಯ ಸಿಗುತ್ತದೆ. ಫೋಟೊ ಮತ್ತು ವಿವರಕ್ಕೆ ನಾಲ್ಕು ವಾರ, ಕಟ್ಟಲು ಐದಾರು ವಾರ, ಗೇಟ್‌ವೇ ಕಂಪನಿಯ ದಾಖಲೆ ಪರಿಶೀಲನೆಗೆ ಒಂದೆರಡು ವಾರ ಎಂದಿಟ್ಟರೆ, ವರಮಹಾಲಕ್ಷ್ಮಿ ಹಬ್ಬಕ್ಕೆ ಮಾರುವವರು ಯುಗಾದಿಯ ಹೊತ್ತಿಗೇ ಕೆಲಸ ಶುರು ಮಾಡಿರಬೇಕು.

ಒಪ್ಪಂದಪತ್ರವನ್ನು ಸಣ್ಣ ವ್ಯಾಪಾರಿಗಳು ಬಹುಮಟ್ಟಿಗೆ ಉದಾಸೀನ ಮಾಡುತ್ತಾರೆ. 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಇಲ್ಲೊಂದು ವಿಚಿತ್ರವಿದೆ. ಹಣ ಕೊಟ್ಟು ತೆಗೆಸಿದ ಫೋಟೊದ ಹಕ್ಕು, ಬೇರೆ ಒಪ್ಪಂದ ಇಲ್ಲದಿದ್ದರೆ, ತೆಗೆಸಿದವರದೇ. ಹೊರಗಿನ ಡೆವಲಪರ್‌ಗೆ ಹಣ ಕೊಟ್ಟು ಬರೆಸಿದ ಕೋಡಿಗೆ ಈ ಸೌಲಭ್ಯವಿಲ್ಲ. ಬರವಣಿಗೆಯಲ್ಲಿ ವರ್ಗಾಯಿಸದ ಹೊರತು ಹಕ್ಕು ಬರೆದವರ ಬಳಿಯೇ ಉಳಿಯುತ್ತದೆ. ವರ್ಗಾವಣೆ ಪತ್ರದಲ್ಲಿ ಅವಧಿಯನ್ನು ನಮೂದಿಸದಿದ್ದರೆ ಅದು ಐದು ವರ್ಷಕ್ಕೆ ಮಾತ್ರ, ಪ್ರದೇಶವನ್ನು ನಮೂದಿಸದಿದ್ದರೆ ಭಾರತಕ್ಕೆ ಮಾತ್ರ ಎಂದು ಕಾಯ್ದೆ ಭಾವಿಸುತ್ತದೆ. ಇದಕ್ಕಿಂತ ಹೆಚ್ಚು ಜಗಳ ಹುಟ್ಟುವುದು ಡೊಮೇನ್ ವಿಷಯದಲ್ಲಿ. ಡೊಮೇನ್, ಗೇಟ್‌ವೇ, ಇಮೇಲ್, ಜಾಹೀರಾತು ಖಾತೆಗಳೆಲ್ಲ ಮಾಲೀಕರ ಹೆಸರಿನಲ್ಲೇ ಇರಬೇಕು, ಡೆವಲಪರ್‌ಗೆ ಬಳಕೆಯ ಅನುಮತಿ ಸಾಕು. ಹಣವನ್ನು ಕಂತಿನಲ್ಲಿ ಕೊಡುವುದು ರೂಢಿ. ಕೊನೆಯ ಕಂತನ್ನು ಸೈಟ್ ತೆರೆದ ದಿನವೇ ತೀರಿಸದೆ, ನಿಜವಾದ ಆರ್ಡರ್‌ಗಳು ಬಂದು ಒಂದು ತಿಂಗಳು ಸರಾಗವಾಗಿ ನಡೆದ ಮೇಲೆ ಕೊಡುವಂತೆ ಬರೆದುಕೊಂಡರೆ ಇಬ್ಬರಿಗೂ ಕ್ಷೇಮ.

ಹಣ ಪಾವತಿಯಲ್ಲಿ ಯುಪಿಐ ಸಣ್ಣವರ ಪಾಲಿಗೆ ದೊಡ್ಡ ಅನುಕೂಲ. 2020ರ ಜನವರಿಯಿಂದ ಯುಪಿಐ ಮತ್ತು ರುಪೇ ಡೆಬಿಟ್ ಕಾರ್ಡಿಗೆ ವ್ಯಾಪಾರಿ ಶುಲ್ಕವಿಲ್ಲ, ಗೇಟ್‌ವೇ ತನ್ನ ಸೇವೆಗೆಂದು ಏನಾದರೂ ಹಿಡಿಯುತ್ತದೆಯೇ ಎಂದು ಕೇಳಿಕೊಳ್ಳಬೇಕು ಅಷ್ಟೆ. ಮನೆಬಾಗಿಲಲ್ಲಿ ಹಣ ಕೊಡುವ ಪದ್ಧತಿಯಲ್ಲಿ ನಷ್ಟದ ಭಯ ಹೆಚ್ಚು. ಗ್ರಾಹಕ ಬಾಗಿಲು ತೆರೆಯದಿದ್ದರೆ ಅಥವಾ ಬೇಡವೆಂದರೆ ಹೋಗುವ ಬಾಡಿಗೆ, ಬರುವ ಬಾಡಿಗೆ ಎರಡೂ ಬ್ರ್ಯಾಂಡಿನ ಕಿಸೆಯಿಂದ. ಅದಕ್ಕಿಂತ ಕೆಟ್ಟದ್ದು, ಇರುವ ಒಂದೇ ಸೀರೆ ಹಬ್ಬದ ವಾರದಲ್ಲಿ ಲಾರಿಗಳಲ್ಲಿ ಸುತ್ತುತ್ತಿರುತ್ತದೆ. ಪೂರ್ತಿ ನಿಲ್ಲಿಸಲು ಧೈರ್ಯ ಸಾಲದವರು ನೂರಿನ್ನೂರು ರೂಪಾಯಿ ಮುಂಗಡ ಪಡೆಯುವ ನಡುದಾರಿ ಹಿಡಿಯಬಹುದು.

ಕೊರಿಯರ್ ಲೆಕ್ಕದಲ್ಲಿ ಪೆಟ್ಟಿಗೆಯ ಗಾತ್ರಕ್ಕೂ ಬೆಲೆಯಿದೆ. ಹಲವು ಕೊರಿಯರ್ ಕಂಪನಿಗಳು ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5,000ದಿಂದ ಭಾಗಿಸಿ ಬಂದ ಕಿಲೊವನ್ನೂ ನಿಜವಾದ ತೂಕವನ್ನೂ ಹೋಲಿಸಿ, ಯಾವುದು ಹೆಚ್ಚೋ ಅದಕ್ಕೆ ಬಾಡಿಗೆ ಹಾಕುತ್ತವೆ. ಅರ್ಧ ಕಿಲೊದ ಸೀರೆಯನ್ನು 38, 28, 6 ಸೆಂಟಿಮೀಟರಿನ ಚೆಂದದ ಪೆಟ್ಟಿಗೆಯಲ್ಲಿಟ್ಟರೆ ಅದು 1.28 ಕಿಲೊ ಆಗುತ್ತದೆ; 35, 25, 3ರ ಚಪ್ಪಟೆ ಚೀಲದಲ್ಲಿಟ್ಟರೆ 0.53 ಕಿಲೊ.

ತೆರಿಗೆಯಲ್ಲಿ ಸೀರೆಗೂ ಹೊಲಿದ ಉಡುಪಿಗೂ ದಾರಿ ಬೇರೆ. ಹೊಲಿಯದ ಸೀರೆಯನ್ನು ಬಟ್ಟೆ ಎಂದೇ ಪರಿಗಣಿಸುವುದರಿಂದ ಶೇ 5. ಹೊಲಿದ ಉಡುಪಿಗೆ 2025ರ ಸೆಪ್ಟೆಂಬರ್ 22ರಿಂದ ನಗವೊಂದಕ್ಕೆ 2,500 ರೂಪಾಯಿವರೆಗೆ ಶೇ 5, ಅದನ್ನು ಮೀರಿದರೆ ಶೇ 18. ತೆರಿಗೆಗೆ ಮುಂಚಿನ ಬೆಲೆ 2,500 ಇದ್ದ ಕುರ್ತಿ ಗ್ರಾಹಕರಿಗೆ 2,625ಕ್ಕೆ ಸಿಗುತ್ತದೆ. 2,550 ಇದ್ದರೆ 3,009ಕ್ಕೆ. ಐವತ್ತು ರೂಪಾಯಿಯ ಆಸೆಗೆ ಈ ಗೆರೆ ದಾಟುವುದು ದುಬಾರಿ. ವೆಬ್‌ಸೈಟ್ ತೆರೆದ ಮೇಲೆ ಹೊರರಾಜ್ಯದ ಆರ್ಡರ್ ಬರದಿರುವುದಿಲ್ಲ, ರಾಜ್ಯದಾಚೆ ಸರಕು ಮಾರಲು ವಹಿವಾಟು ಎಷ್ಟೇ ಸಣ್ಣದಿದ್ದರೂ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಬೇಕು. ಅಧಿಸೂಚಿತ ಕರಕುಶಲ ವಸ್ತುಗಳಿಗೆ ವಿನಾಯಿತಿ ಉಂಟು. ತಮ್ಮ ಸರಕು ಅದರಲ್ಲಿ ಬರುತ್ತದೆಯೇ ಎಂದು ಕೇಳಲಿಕ್ಕೇ ಲೆಕ್ಕಪರಿಶೋಧಕರಿಗೆ ಐದು ಸಾವಿರ ಇಟ್ಟದ್ದು. 2025ರ ಜುಲೈನಲ್ಲಿ ಯುಪಿಐ ವಹಿವಾಟಿನ ಆಧಾರದ ಮೇಲೆ ಕರ್ನಾಟಕದ ಸಣ್ಣ ವ್ಯಾಪಾರಿಗಳಿಗೆ ವಾಣಿಜ್ಯ ತೆರಿಗೆ ಇಲಾಖೆಯ ನೋಟಿಸ್ ಬಂದಾಗ ಎದ್ದ ಗದ್ದಲವನ್ನು ಕಂಡವರಿಗೆ ಈ ಖರ್ಚು ಹೆಚ್ಚೆನಿಸಲಾರದು.

2020ರ ಗ್ರಾಹಕ ಸಂರಕ್ಷಣೆ (ಇ-ಕಾಮರ್ಸ್) ನಿಯಮಗಳು ಸ್ವಂತ ಸೈಟಿನಲ್ಲಿ ಮಾರುವವರಿಗೂ ಅನ್ವಯಿಸುತ್ತವೆ. ವ್ಯಾಪಾರಿಯ ಹೆಸರು, ವಿಳಾಸ, ಮರಳಿಸುವ ಮತ್ತು ಹಣ ಹಿಂದಿರುಗಿಸುವ ಷರತ್ತು, ದೂರು ಅಧಿಕಾರಿಯ ವಿವರ ಸೈಟಿನಲ್ಲಿ ಕಾಣಬೇಕು. ದೂರು ಬಂದ 48 ಗಂಟೆಯೊಳಗೆ ಸ್ವೀಕೃತಿ, ಒಂದು ತಿಂಗಳೊಳಗೆ ಪರಿಹಾರ ಕೊಡಬೇಕು. ಒಬ್ಬರೇ ನಡೆಸುವ ಬ್ರ್ಯಾಂಡಿನಲ್ಲಿ ಆ ಅಧಿಕಾರಿ ಮಾಲೀಕರೇ. ಗ್ರಾಹಕರ ಹೆಸರು, ಫೋನು, ವಿಳಾಸ ಕೂಡಿಡುವುದಕ್ಕೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಹೊಣೆಗಳಿವೆ. ಹುಟ್ಟಿದ ದಿನ, ಮದುವೆಯ ದಿನ ಎಂದು ಬೇಡದ್ದನ್ನೆಲ್ಲ ಕೇಳದಿರುವುದು ಇಲ್ಲಿ ಅತ್ಯಂತ ಅಗ್ಗದ ಮುನ್ನೆಚ್ಚರಿಕೆ.

ಸೈಟ್ ತೆರೆದ ಮೇಲಿನ ಖರ್ಚನ್ನು ಅಂದಾಜಿಸಲು ಕಟ್ಟುವ ಕೂಲಿಯ ಶೇ 15ರಿಂದ 20ರಷ್ಟನ್ನು ವರ್ಷಕ್ಕೆ ಎತ್ತಿಡುವುದು ರೂಢಿಯಲ್ಲಿರುವ ಲೆಕ್ಕ. ಸೀರೆ ಬ್ರ್ಯಾಂಡಿಗೆ ಇದರ ಜೊತೆ ಸರಕಿನ ಎಣಿಕೆಯ ಕೆಲಸವಿದೆ. ಬೆಂಗಳೂರಿನ ಮೇಳವೊಂದರಲ್ಲಿ ಬೆಳಿಗ್ಗೆ ಮಾರಿದ ಸೀರೆಯನ್ನು ಸಂಜೆಯವರೆಗೆ ಸೈಟಿನಿಂದ ತೆಗೆಯದಿದ್ದರೆ ಅದೇ ಸೀರೆಗೆ ಮತ್ತೊಬ್ಬರು ಹಣ ಕಟ್ಟಿರುತ್ತಾರೆ. ಮೇಳಕ್ಕೆ ಒಯ್ಯುವ ಗಂಟನ್ನು ಸೈಟಿನಲ್ಲಿ ಮೊದಲೇ ಮರೆಮಾಡುವುದು ಸರಳ ಪರಿಹಾರ. ಅದಕ್ಕೆ ಯಾವ ತಂತ್ರಾಂಶವೂ ಬೇಕಿಲ್ಲ. ಮೂರು ತಿಂಗಳಿಗೊಮ್ಮೆ ಮೊದಲ ಹಾಳೆಯ ಅಂಕಿಗಳ ಎದುರು ನಿಜವಾದ ಅಂಕಿಗಳನ್ನು ಬರೆಯಬೇಕು. ಜಾಹೀರಾತಿನ 250 ಎಂಬುದು 400 ಆಗಿದ್ದರೆ ಸೀರೆಯೊಂದರಲ್ಲಿ ಉಳಿಯುವುದು 270 ಮಾತ್ರ. ಆಗ ಹೊಸ ಗ್ರಾಹಕರ ಬೆನ್ನು ಹತ್ತುವುದಕ್ಕಿಂತ ಒಮ್ಮೆ ಕೊಂಡವರಿಗೆ ಹೊಸ ಸೀರೆಗಳ ಚಿತ್ರ ಕಳಿಸುವುದು ಅಗ್ಗ.

ಅಮೆರಿಕ, ಇಂಗ್ಲೆಂಡ್, ಕೊಲ್ಲಿ ದೇಶಗಳ ಕನ್ನಡಿಗರಿಗೆ ಮಾರುವ ಆಸೆ ಸಹಜವಾದರೂ ಅದನ್ನು ಎರಡನೇ ವರ್ಷದ ಬಜೆಟ್ಟಿಗೆ ಬಿಡುವುದು ಲೇಸು. ಅದಕ್ಕೆ ವಿದೇಶ ವ್ಯಾಪಾರ ಮಹಾನಿರ್ದೇಶನಾಲಯದಿಂದ ಆಮದು-ರಫ್ತು ಕೋಡ್ ಪಡೆಯಬೇಕು, ವಿದೇಶಿ ಕಾರ್ಡುಗಳಿಗೆ ಗೇಟ್‌ವೇ ಶುಲ್ಕ ಹೆಚ್ಚು, ಸೀರೆ ಮರಳಿ ಬಂದರೆ ಬಾಡಿಗೆಯೇ ಅಸಲನ್ನು ಮುಟ್ಟುತ್ತದೆ. 2025ರ ಆಗಸ್ಟ್ 29ರಿಂದ ಅಮೆರಿಕ 800 ಡಾಲರ್‌ವರೆಗಿನ ಪಾರ್ಸೆಲ್‌ಗಳಿಗಿದ್ದ ಸುಂಕ ವಿನಾಯಿತಿಯನ್ನು ನಿಲ್ಲಿಸಿತು. ಆ ಸಂದರ್ಭದಲ್ಲಿ ಭಾರತೀಯ ಅಂಚೆ ಇಲಾಖೆ ಅಲ್ಲಿಗೆ ಹೋಗುವ ಪಾರ್ಸೆಲ್‌ಗಳನ್ನು ಕೆಲಕಾಲ ತಡೆಹಿಡಿಯಬೇಕಾಯಿತು. ಹೊರದೇಶದ ಪುಟ ತೆರೆಯುವಾಗ ಸುಂಕವನ್ನು ಯಾರು ಕಟ್ಟುತ್ತಾರೆ ಎಂಬುದನ್ನು ಬೆಲೆಯ ಪಕ್ಕದಲ್ಲೇ ಬರೆಯಬೇಕು. ಹಾಗೆ ಬರೆಯದ ಸೀರೆ ನ್ಯೂಜೆರ್ಸಿಯ ಬಾಗಿಲಲ್ಲಿ ಸುಂಕದ ಚೀಟಿಯೊಂದಿಗೆ ನಿಂತರೆ, ತೆಗೆದುಕೊಳ್ಳುವವರಿಲ್ಲದೆ ಅದರ ಬೆಲೆ, ಬಾಡಿಗೆ ಎರಡೂ ಬ್ರ್ಯಾಂಡಿನ ನಷ್ಟದ ಖಾತೆಗೆ ಸೇರುತ್ತವೆ.